ಮೈಸೂರಿನಲ್ಲಿ ಆಟದ ಮಾತಿಗೊಂದು ರೇಡಿಯೊ

2024ರ ಜುಲೈ ಕೊನೆ. ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಿತ್ತು. ನಮ್ಮ ಸಮುದಾಯ ರೇಡಿಯೊದಲ್ಲಿ ಸಂಜೆ 5ರಿಂದ 8ರವರೆಗೆ ಬರೀ ಆಟದ ಮಾತು ಅಂತ ಆಗಲೇ ಆರಂಭಿಸಿದೆವು. ಸಿನಿಮಾ ಹಾಡಿಲ್ಲ, ತಮಾಷೆ ಕರೆಗಳಿಲ್ಲ. ನಾವು ಮಾತಾಡುವುದು, ಕೇಳುಗರು ಫೋನ್ ಮಾಡುವುದು, ಅಷ್ಟೇ. ಮೊದಲ ಹತ್ತು ದಿನ ಒಬ್ಬ ಕೇಳುಗರೂ ತಾವಾಗಿ ಫೋನ್ ಮಾಡಲಿಲ್ಲ.

ಆಗ ನಾನೊಂದು ತಪ್ಪು ಮಾಡಿದೆ. ಗೆಳೆಯರಿಗೆ ಹೇಳಿ ಫೋನ್ ಮಾಡಿಸಿದೆ. ಮೂರನೇ ದಿನ ಬೀದಿ ಕೊನೆಯ ಸಲೂನಿನವರು ಕೇಳಿದರು, "ಏನ್ ಸಾರ್, ಕುವೆಂಪುನಗರದ ಮಂಜು ಅಂತ ಮಾತಾಡಿದವರೂ ಸರಸ್ವತಿಪುರಂನ ಸುರೇಶ್ ಅಂತ ಮಾತಾಡಿದವರೂ ಒಬ್ಬರೇನಾ?" ರೇಡಿಯೊ ಕೇಳುವವರಿಗೆ ಕಿವಿ ಚುರುಕು. ಅವತ್ತೇ ಅದನ್ನು ನಿಲ್ಲಿಸಿದೆ. ಕರೆ ಬಾರದಿದ್ದರೆ ಬಾರದಿರಲಿ, ಸುಳ್ಳು ಕರೆ ಬೇಡ.

ಮೈಸೂರಿನ ಗಾಳಿಯಲ್ಲಿ ಇನ್ನೊಂದು ದನಿಗೆ ಜಾಗ ಇರಲಿಲ್ಲ ಅಂದರೂ ಸರಿಯೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದ ಊರಿದು. 'ಆಕಾಶವಾಣಿ' ಅನ್ನುವ ಹೆಸರು ರೇಡಿಯೊಗೆ ಅಂಟಿಕೊಂಡದ್ದು ಇಲ್ಲಿಂದಲೇ. 100.6ರಲ್ಲಿ ಇವತ್ತಿಗೂ ಆಕಾಶವಾಣಿ ಇದೆ. ಜೊತೆಗೆ ಹಾಡು ಹಾಕುವ ಖಾಸಗಿ ಎಫ್‌ಎಂಗಳಿವೆ, ವಿದ್ಯಾಸಂಸ್ಥೆಗಳ ರೇಡಿಯೊ ಇದೆ. ಇದೆಲ್ಲದರ ಮೇಲೆ ಕೈಯಲ್ಲಿ ಫೋನ್. ಕ್ರಿಕೆಟ್ ಸ್ಕೋರ್ ಬೇಕಾದವರು ನಮ್ಮನ್ನು ಯಾಕೆ ಕೇಳಬೇಕು?

ನಮ್ಮ ಶಕ್ತಿಯೋ ಸಣ್ಣದು. ಸಮುದಾಯ ರೇಡಿಯೊ ಸಾಮಾನ್ಯವಾಗಿ 100 ವಾಟ್ ದಾಟುವ ಹಾಗಿಲ್ಲ, ಆಂಟೆನಾ 30 ಮೀಟರ್ ಮೀರುವ ಹಾಗಿಲ್ಲ. ಚಾಮುಂಡಿ ಬೆಟ್ಟದ ಹಿಂದಿನ ಊರುಗಳಲ್ಲಿ ನಮ್ಮ ದನಿ ಗೊರಗೊರ ಅನ್ನುತ್ತದೆ. ದೊಡ್ಡ ಮ್ಯಾಚುಗಳ ಪ್ರಸಾರದ ಹಕ್ಕು ಕೋಟಿಗಟ್ಟಲೆ ಬೆಲೆಯದು, ನಮ್ಮಂಥವರಿಗೆ ಅಲ್ಲ. ನಾವೇ ಸುದ್ದಿ ಮಾಡಿ ಓದುವ ಹಾಗೂ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಬಿತ್ತರಿಸಬಹುದು ಅಷ್ಟೇ. ನಮ್ಮ ಕೈಗೆ ಉಳಿದದ್ದು ಊರಿನ ಆಟ ಮತ್ತು ಊರಿನವರ ಮಾತು. ಅದು ಎಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಹದಿನೈದು ವರ್ಷ ಹಳ್ಳಿ ಹಳ್ಳಿಯ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳಲ್ಲಿ ಮೈಕ್ ಹಿಡಿದು ಕಾಮೆಂಟರಿ ಹೇಳಿದ್ದೆ. ಆದರೂ ಸ್ಟುಡಿಯೊಗೆ ಬಂದು ಕೂತ ಕೂಡಲೇ ಟಿವಿಯವರ ಹಾಗೆ ಕೊಹ್ಲಿ, ಬೂಮ್ರಾ ಅಂತ ಶುರು ಮಾಡಿದ್ದೆ.

ಆಗಸ್ಟ್ 7 ಎಲ್ಲವನ್ನೂ ಬದಲಾಯಿಸಿತು. ಹಿಂದಿನ ದಿನ ಕುಸ್ತಿಪಟು ವಿನೇಶ್ ಫೋಗಟ್ ಜಪಾನಿನ ಸುಸಾಕಿಯನ್ನು ಕೊನೆಯ ಕ್ಷಣದಲ್ಲಿ ಸೋಲಿಸಿ, ಆಮೇಲೆ ಸೆಮಿಫೈನಲನ್ನೂ ಗೆದ್ದು ಫೈನಲ್ ಮುಟ್ಟಿದ್ದರು. 7ರ ಬೆಳಿಗ್ಗೆ ತೂಕ ನೋಡಿದಾಗ 50 ಕೆ.ಜಿ.ಗಿಂತ 100 ಗ್ರಾಂ ಜಾಸ್ತಿ. ಅನರ್ಹ. ಅವತ್ತು ಸಂಜೆ ನನ್ನಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಎಲ್ಲರಿಗೂ ಎಲ್ಲವೂ ಮಧ್ಯಾಹ್ನವೇ ಗೊತ್ತಾಗಿತ್ತು. ಮೈಕ್ ಮುಂದೆ ಕೂತು ಸುಮ್ನೆ ಕೇಳಿದೆ: "ನೀವು ಯಾವತ್ತಾದರೂ ಕುಸ್ತಿಗೋಸ್ಕರ ತೂಕ ಇಳಿಸಿದ್ದೀರಾ? ಹೇಗಿರುತ್ತೆ ಅದು?"

ಎರಡು ನಿಮಿಷಕ್ಕೆ ಫೋನ್ ಬಂತು. ವಯಸ್ಸಾದ ದನಿ, ನಿಧಾನದ ಮಾತು. ಹಳೇ ಗರಡಿಯೊಂದರಲ್ಲಿ ಕುಸ್ತಿ ಕಲಿಸುವ ಉಸ್ತಾದರು. "ನೋಡಪ್ಪಾ, ಆ ಹುಡುಗಿ ರಾತ್ರಿಯೆಲ್ಲ ಓಡಿರ್ತಾಳೆ, ಬೆವರು ಹರಿಸಿರ್ತಾಳೆ, ಒಂದು ಗುಟುಕು ನೀರು ಕುಡಿದಿರಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿರುತ್ತೆ. 100 ಗ್ರಾಂ ಅಂದ್ರೆ ನಿಮಗೆ ಒಂದು ಬಾಳೆಹಣ್ಣು. ಅವಳಿಗೆ ಮೈಯಲ್ಲಿ ಉಳಿದ ಕೊನೇ ನೀರು." ಅಷ್ಟು ಹೇಳಿ ನಿಲ್ಲಿಸಿದರು. ನಾನೂ ಸುಮ್ಮನಿದ್ದೆ. ರೇಡಿಯೊದಲ್ಲಿ ಮೌನ ಅಂದರೆ ಭಯ, ಯಾರೋ ಸ್ಟೇಷನ್ ಬದಲಾಯಿಸುತ್ತಾರೆ ಅನ್ನುವ ಭಯ. ಆದರೆ ಅವರ ಉಸಿರು ಕೇಳುತ್ತಿತ್ತು. ಆಮೇಲೆ ಅಂದರು, "ನಾನೂ ಒಂದ್ಸಲ ಹಾಗೆ ಇಳಿಸಿದ್ದೆ. ಕಟ್ಟಿದ್ದ ಕುಸ್ತಿ ಜೋಡಿ ತಪ್ಪಿಹೋಯ್ತು. ಅದನ್ನ ಇವತ್ತಿಗೂ ಮನೇಲಿ ಹೇಳಿಲ್ಲ."

ಅವತ್ತು 8 ಗಂಟೆಯವರೆಗೆ ಕರೆ ನಿಲ್ಲಲಿಲ್ಲ. ಫೋನ್ ತಗೊಳ್ಳುತ್ತಿದ್ದ ನಮ್ಮ ಹುಡುಗಿ ಗಾಜಿನ ಆಚೆಯಿಂದ ಕಣ್ಣರಳಿಸಿ ನೋಡುತ್ತಿದ್ದಳು.

ಆ ಸಂಜೆ ಕಲಿತದ್ದನ್ನೇ ಆಮೇಲೆ ಹಿಡಿದುಕೊಂಡೆವು. ಆಟದ ಬಗ್ಗೆ ಅಭಿಪ್ರಾಯ ಕೇಳಬೇಡ, ಅವರು ಆಡಿದ ಆಟ ಕೇಳು. "ರೋಹಿತ್ ಬಗ್ಗೆ ಏನಂತೀರಾ?" ಅಂದರೆ ಜನ ಟಿವಿಯಲ್ಲಿ ಕೇಳಿದ್ದನ್ನೇ ಒಪ್ಪಿಸುತ್ತಾರೆ. "ಕೊನೇ ಸಲ ಗ್ರೌಂಡಿಗೆ ಇಳಿದದ್ದು ಯಾವಾಗ, ಯಾಕೆ ಬಿಟ್ಟಿರಿ?" ಅಂದರೆ ಮೊಣಕಾಲಿನ ಕಥೆ ಬರುತ್ತದೆ, ಪಿಟಿ ಮೇಷ್ಟ್ರ ಕಥೆ ಬರುತ್ತದೆ, ಮದುವೆಯಾದ ಮೇಲೆ ಶೂ ಎತ್ತಿಟ್ಟ ಹೆಣ್ಣುಮಕ್ಕಳ ಕಥೆ ಬರುತ್ತದೆ. ಇದನ್ನು ಯಾವ ಫೋನೂ ಯಾವ ಆ್ಯಪೂ ಕೊಡುವುದಿಲ್ಲ, ಅಲ್ವಾ?

ಕೆಲಸದ ಕೆಲವು ಮಾತು ಹೇಳಿಬಿಡುತ್ತೇನೆ, ಶುರು ಮಾಡುವವರಿಗೆ ಬೇಕಾಗುತ್ತದೆ. ಕರೆಯನ್ನು ನೇರ ಮೈಕಿಗೆ ಬಿಡಬಾರದು. ಮೊದಲು ಒಬ್ಬರು ಮಾತಾಡಿಸಿ, ಹೆಸರು, ಏರಿಯಾ, ಏನು ಹೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಒಳಗೆ ಕೊಡಬೇಕು. "ರೇಡಿಯೊ ಸೌಂಡ್ ಕಮ್ಮಿ ಮಾಡಿ" ಅಂತ ಪ್ರತಿಯೊಬ್ಬರಿಗೂ ಹೇಳಲೇಬೇಕು. ಇಲ್ಲವಾದರೆ ದನಿ ಸುತ್ತಿ ಬಂದು ಕಿರುಚುತ್ತದೆ. ಹೊಸಬರಿಗೆ ಗಾಬರಿ ಇರುತ್ತದೆ, ಅದಕ್ಕೇ ಮೊದಲ ಪ್ರಶ್ನೆ ತುಂಬಾ ಸುಲಭದ್ದಿರಲಿ. ಮಾತು ಕೊಚ್ಚೆಗೆ ಹೊರಳಿದರೆ ಲೈನ್ ಕಡಿಯಬೇಕು, ಕಡಿದದ್ದನ್ನು ಕೇಳುಗರಿಗೆ ಹೇಳಲೂಬೇಕು. ಉಳಿದ ಯಂತ್ರದ ವಿಚಾರ ಅಷ್ಟೇನಿಲ್ಲ. ಎರಡು ಒಳ್ಳೆಯ ಮೈಕ್, ಒಂದು ಸಣ್ಣ ಮಿಕ್ಸರ್, ಫೋನನ್ನು ಅದಕ್ಕೆ ಸೇರಿಸುವ ಪೆಟ್ಟಿಗೆ ಇದ್ದರೆ ಸಾಕು.

ಆ ವರ್ಷ ದಸರಾ ಅಕ್ಟೋಬರ್ ಮೊದಲಲ್ಲೇ ಬಂತು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ವಯಸ್ಸು, ಮೈಕಟ್ಟು, ಹಿಂದಿನ ಕುಸ್ತಿ ನೋಡಿ ಹಿರಿಯರು ಯಾರಿಗೆ ಯಾರು ಅಂತ ತೀರ್ಮಾನಿಸುತ್ತಾರೆ. ಊರಿನ ಗರಡಿಗಳಿಗೆಲ್ಲ ಅದೇ ಹಬ್ಬ. ಅದನ್ನು ನಾವು ರೇಡಿಯೊದಲ್ಲಿ ಮಾತಾಡಿದೆವು. ಕುಸ್ತಿ ನಡೆಯುವ ದೇವರಾಜ ಅರಸು ಕ್ರೀಡಾಂಗಣದಲ್ಲಿ ಅಖಾಡದ ಅಂಚಿಗೆ ಒಂದು ಮೈಕ್ ಇಟ್ಟೆವು. ತೊಡೆ ತಟ್ಟುವ ಸದ್ದು, ಮಣ್ಣು ಎರಚಿಕೊಳ್ಳುವ ಸರಸರ, ಜೋರು ಉಸಿರು. ಬೆನ್ನು ಮಣ್ಣಿಗೆ ಬಿದ್ದಾಗ 'ಧಪ್' ಅನ್ನುವ ದಪ್ಪ ಸದ್ದು. ಅದು ಕೇಳಿಸಿದ ಮೇಲೆ 'ಚಿತ್' ಅಂತ ನಾನು ಹೇಳಬೇಕಾಗಿಯೇ ಇರಲಿಲ್ಲ. ದಸರಾ ಕಂಠೀರವ, ದಸರಾ ಕೇಸರಿ ಅನ್ನುವ ಬಿರುದುಗಳ ಹಿಂದಿನ ಮನುಷ್ಯರು ಸಂಜೆ ನಮ್ಮ ಸ್ಟುಡಿಯೊಗೆ ಬಂದು ಕೂತರು. ಒಬ್ಬರು ಕೈ ಕುಲುಕಿದಾಗ ಕೈಯಲ್ಲಿ ಇನ್ನೂ ಕೆಮ್ಮಣ್ಣು ಇತ್ತು.

ದುಡ್ಡಿನ ವಿಚಾರ ಮುಚ್ಚಿಡುವಂಥದ್ದಲ್ಲ. 2024ರ ಹೊಸ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮೊದಲು 7 ನಿಮಿಷ ಇತ್ತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಪೂರ್ತಿ ತುಂಬಿದರೆ ಗಂಟೆಗೆ 5,328 ರೂಪಾಯಿ ಆಗುತ್ತದೆ. ನಮ್ಮದು ಯಾವತ್ತೂ ತುಂಬಿಲ್ಲ. ಆದರೆ ದಸರಾ ಆದ ಮೇಲೆ ಒಂದು ಕ್ರೀಡಾ ಸಾಮಗ್ರಿ ಅಂಗಡಿ, ಒಂದು ಜ್ಯೂಸ್ ಅಂಗಡಿ, ಶೂ ರಿಪೇರಿ ಮಾಡುವ ಒಬ್ಬರು ತಾವಾಗಿಯೇ ಬಂದರು. ಶೂ ರಿಪೇರಿಯವರ ಜಾಹೀರಾತನ್ನು ಅವರ ದನಿಯಲ್ಲೇ ಮಾಡಿಸಿದೆವು. ಅದು ನನಗೆ ಇವತ್ತಿಗೂ ಇಷ್ಟ.

ಇನ್ನು ಕ್ರಿಕೆಟ್. ಬಿಡಲಾಗುತ್ತಾ? 2025ರ ಜೂನ್ 3ರ ರಾತ್ರಿ ಆರ್‌ಸಿಬಿ 18ನೇ ಸೀಸನ್‌ನಲ್ಲಿ ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ 8 ಗಂಟೆಯ ನಿಯಮ ಮುರಿದು ನಡುರಾತ್ರಿವರೆಗೂ ಲೈನ್ ತೆರೆದಿಟ್ಟೆವು. ಒಬ್ಬ ಆಟೊ ಚಾಲಕರು ಮಾತಾಡಲಾಗದೆ ಅಳುತ್ತಲೇ ಇದ್ದರು. ಅಳಲು ಬಿಟ್ಟೆವು.

ಮಾರನೇ ಸಂಜೆ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. 11 ಜನ ತೀರಿಹೋದರು. ನಮ್ಮ ಕಾರ್ಯಕ್ರಮ ನಡೆಯುತ್ತಿರುವಾಗಲೇ ಫೋನ್‌ಗಳು ಬರತೊಡಗಿದವು. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದರು. ಯಾವುದನ್ನೂ ಗಾಳಿಗೆ ಬಿಡಲಿಲ್ಲ. ಆಕಾಶವಾಣಿಯ ಸುದ್ದಿ ಬಿತ್ತರಿಸಿದೆವು. ಅದರಾಚೆಗೆ ಒಂದು ಮಾತೂ ಸೇರಿಸಲಿಲ್ಲ. ಒಬ್ಬ ತಂದೆ ಫೋನ್ ಮಾಡಿ, "ಮಗ ಬೆಳಿಗ್ಗೆ ಟ್ರೈನಿನಲ್ಲಿ ಹೋಗಿದ್ದಾನೆ, ಫೋನ್ ಹೋಗ್ತಿಲ್ಲ, ರೇಡಿಯೊದಲ್ಲಿ ಹೇಳಿ" ಅಂದರು. ಮೈಕಿಗೆ ಕೊಡಲಿಲ್ಲ. ನಮ್ಮ ಹುಡುಗಿ ಎರಡನೇ ಫೋನಿನಲ್ಲಿ ಅವರ ಜೊತೆಯೇ ಇದ್ದು, ಮಗನ ಗೆಳೆಯರ ನಂಬರುಗಳಿಗೆ ಒಂದೊಂದಾಗಿ ಪ್ರಯತ್ನಿಸಿದಳು. ಒಂಬತ್ತರ ಮೇಲೆ ಹುಡುಗ ಸಿಕ್ಕಿದ. ಮೆಜೆಸ್ಟಿಕ್‌ನಲ್ಲಿದ್ದ, ಬ್ಯಾಟರಿ ಮುಗಿದಿತ್ತು. ಮುಂದಿನ ಎರಡು ದಿನ ಗೆದ್ದ ಮಾತು ಆಡಲಿಲ್ಲ. ಗುಂಪಿನಲ್ಲಿ ಸಿಕ್ಕಿಕೊಂಡರೆ ಹೇಗೆ ನಿಲ್ಲಬೇಕು, ಮಕ್ಕಳನ್ನು ಹೇಗೆ ಹಿಡಿಯಬೇಕು ಅಂತ ಮಾತಾಡಿದೆವು.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಕರೆ ಬಂದದ್ದು ಇದಕ್ಕೂ ಮೊದಲು, 2025ರ ಜನವರಿ 20ರಂದು. ಹಿಂದಿನ ದಿನವಷ್ಟೇ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಮುಗಿದಿತ್ತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಜಿಲ್ಲೆಯ ಹುಡುಗಿ. ಕುರುಬೂರಿಗೆ ನಮ್ಮ ಸಿಗ್ನಲ್ ಮುಟ್ಟುವುದಿಲ್ಲ. ಆದರೆ ಮೈಸೂರಿನ ಹಾಸ್ಟೆಲೊಂದರಲ್ಲಿ ಓದುವ, ಆ ಕಡೆಯ ಊರಿನ ಹುಡುಗಿಯೊಬ್ಬಳು ಮಾರನೇ ಸಂಜೆ ಫೋನ್ ಮಾಡಿದಳು. ನಾನು ಆಟದ ನಿಯಮ ಹೇಳುತ್ತಾ ಏನೋ ತಪ್ಪಿದ್ದೆ. "ಸಾರ್, ಖೋ ಕೊಡುವಾಗ ಕೂತವರ ಬೆನ್ನು ಮುಟ್ಟಿ, ಜೊತೆಗೇ 'ಖೋ' ಅಂತ ಕೂಗಬೇಕು. ಒಂದೇ ಸಾಲದು. ನೀವು ಹೇಳಿದ್ದು ಫೌಲ್" ಅಂದಳು. ನಾನು ಆಡಿ ನೋಡಿಲ್ಲ, ನೀವೇ ಹೇಳಿಕೊಡಿ ಅಂದೆ. ಇಪ್ಪತ್ತು ನಿಮಿಷ ಹೇಳಿಕೊಟ್ಟಳು. ಕಂಬದ ಹತ್ತಿರ ಹೇಗೆ ತಿರುಗಬೇಕು, ಎದುರಾಳಿಯ ಕಣ್ಣು ನೋಡದೆ ಸೊಂಟ ಯಾಕೆ ನೋಡಬೇಕು, ಬರಿಗಾಲಲ್ಲಿ ಆಡಿದ ಮಣ್ಣು ಯಾವುದು.

ಈಗ ಶನಿವಾರ ಸಂಜೆ 6ರಿಂದ 7 ಅವಳದೇ. ಮುಂಚೆಯೇ ಬರುತ್ತಾಳೆ, ಚಪ್ಪಲಿ ಹೊರಗೆ ಬಿಟ್ಟು ಕಾಲು ಮಡಿಚಿ ಕುರ್ಚಿಯ ಮೇಲೆ ಕೂರುತ್ತಾಳೆ, ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಳ್ಳುತ್ತಾಳೆ. ನಾನು ಆಚೆ ಕೂತು ಚೀಟಿ ಬರೆಯುತ್ತೇನೆ. ಕಳೆದ ಶನಿವಾರದ ಮೊದಲ ಚೀಟಿ: 'ಉಸ್ತಾದ್ರು, ಗರಡಿ. ಮೊಮ್ಮಗಳನ್ನ ಖೋ ಖೋಗೆ ಸೇರಿಸಬೇಕಂತೆ, ಎಲ್ಲಿ ಅಂತ ಕೇಳ್ತಾರೆ.'