ನಾಟಕದಲ್ಲಿ ಹಾಡೋ, ಹಾಡಿನಲ್ಲೇ ನಾಟಕವೋ? ತಾಲೀಮಿಗೆ ಮುಂಚೆ ಹೀಗೆ ನೋಡಿಕೊಳ್ಳಿ

ಹುಬ್ಬಳ್ಳಿ-ಧಾರವಾಡದ ಹವ್ಯಾಸಿ ತಂಡಗಳಲ್ಲಿ ಹೊಸ ಸ್ಕ್ರಿಪ್ಟ್ ಕೈಗೆ ಬಂತು ಅಂದರೆ ಮೊದಲು ಹಾಡು ಎಣಿಸುತ್ತಾರೆ. ಹತ್ತಿದ್ದರೆ ‘ಸಂಗೀತ ನಾಟಕ’, ಮೂರಿದ್ದರೆ ಬರೀ ನಾಟಕ. ಎಣಿಸಿ ಏನೂ ಉಪಯೋಗವಿಲ್ಲ. ಕಥೆ ಮುಂದೆ ಹೋಗುತ್ತಿರುವುದು ಮಾತಿನಿಂದಲೋ, ಹಾಡಿನಿಂದಲೋ ಅನ್ನುವುದನ್ನು ನೋಡಿ. ಪಾತ್ರ ಹಂಚುವುದರಿಂದ ಹಿಡಿದು ಪೆಟ್ಟಿಗೆ ಮಾಸ್ತರರನ್ನು (ಹಾರ್ಮೋನಿಯಂ ನುಡಿಸುವವರನ್ನು) ಯಾವಾಗ ಕರೆಸಬೇಕು ಅನ್ನುವವರೆಗೆ ಎಲ್ಲ ಇದರ ಮೇಲೇ ನಿಂತಿದೆ.

ಹಾಡುಗಳನ್ನೆಲ್ಲ ಬಿಟ್ಟು ಒಮ್ಮೆ ಓದಿಸಿ. ಕೇಳುವವರಲ್ಲಿ ಕಥೆ ಗೊತ್ತಿಲ್ಲದವರು ಒಬ್ಬರಾದರೂ ಇರಲಿ. ‘ಅರೆ, ಇವಳು ಯಾವಾಗ ಒಪ್ಪಿದಳು?’ ಅಂತ ಅವರು ಎಲ್ಲಿ ಕೇಳುತ್ತಾರೋ ಅಲ್ಲಿ ಗುರುತು ಹಾಕಿ. ಅಲ್ಲಿ ಬಿಟ್ಟ ಹಾಡು ಕಥೆಯ ಕಂಬ. ಯಾರೂ ಏನೂ ಕೇಳದೆ ದಾಟಿಹೋದರೆ, ಅಲ್ಲಿದ್ದ ಹಾಡು ಎಷ್ಟೇ ಚೆಂದವಿರಲಿ, ಅಲಂಕಾರ ಅಷ್ಟೇ.

ಮದುವೆ ದೃಶ್ಯ ತೆಗೆದುಕೊಳ್ಳಿ. ಹೆಂಗಸರು ಸೋಬಾನ ಹಾಡುತ್ತಾರೆ, ಆರತಿ ಆಗುತ್ತದೆ, ಮುಗಿಯಿತು. ಮದುವೆ ಮನೆ ಅಂದಮೇಲೆ ಹಾಡು ಬೇಕಲ್ವಾ, ಅದಕ್ಕೇ ಇದೆ. ಈಗ ಅದೇ ಸೋಬಾನದ ಮೂರನೇ ನುಡಿಯಲ್ಲಿ ಸೋದರತ್ತೆ, ಬೀಗರು ಗುಟ್ಟಾಗಿ ಇಸಿದುಕೊಂಡ ಬಂಗಾರದ ಲೆಕ್ಕವನ್ನೂ ನಗುನಗುತ್ತಾ ಸೇರಿಸಿ ಹಾಡಿಬಿಟ್ಟಳು, ಕೇಳಿದ ಮದುಮಗಳು ಬಾಸಿಂಗ ಬಿಚ್ಚಿಟ್ಟಳು ಅನ್ನಿ. ಧಾಟಿ ಅದೇ, ಹೆಂಗಸರೂ ಅವರೇ. ಆದರೆ ಈ ಹಾಡು ತೆಗೆದರೆ ಮದುವೆ ಯಾಕೆ ಮುರಿಯಿತು ಅಂತ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಕಡೆ ಕಂಬಕ್ಕೂ ಅಲಂಕಾರಕ್ಕೂ ನಡುವಿನ ಈ ಗೆರೆ ಯಾವತ್ತೂ ನೆಟ್ಟಗಿರಲಿಲ್ಲ. 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ನಾಟಕ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಆ ಗಾಳಿ ಇಲ್ಲಿನ ನಾಟಕ ಕಂಪನಿಗಳಿಗೂ ಬೀಸಿತು. ಮುಂದೆ ದೊಡ್ಡ ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು ಹುಡುಗರಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿದವರು. ಅಂಥ ಗಂಟಲು ರಂಗದ ಮೇಲಿದ್ದರೆ ಕಥೆ ಕಾಯಲೇಬೇಕು. ಜನ ‘ಒನ್ಸ್ ಮೋರ್’ ಅಂದರೆ ಸತ್ತವನೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ ಅನ್ನುವ ತಮಾಷೆ ಸುಮ್ನೆ ಹುಟ್ಟಿದ್ದಲ್ಲ. ಉತ್ತರ ಕರ್ನಾಟಕದ ಜನಪದ ನಾಟಕವಾದ ಸಣ್ಣಾಟದ ‘ಸಂಗ್ಯಾ ಬಾಳ್ಯಾ’ದಲ್ಲಿ ಇದರ ಉಲ್ಟಾ, ಅಲ್ಲಿ ಪದದಲ್ಲೇ ಪ್ರೀತಿ, ಪದದಲ್ಲೇ ಸಂಚು. ಹೊರದೇಶದಲ್ಲೂ ಇದೇ ಜಗ್ಗಾಟ: ಹಾಡು ಬಂದಾಗ ಕಥೆ ನಿಲ್ಲಲಿ, ಜನ ಯೋಚಿಸಲಿ ಅನ್ನುವುದು 1928ರಲ್ಲಿ ‘ತ್ರೀಪೆನ್ನಿ ಒಪೆರಾ’ ರಂಗಕ್ಕೆ ತಂದ ಜರ್ಮನಿಯ ನಾಟಕಕಾರ ಬ್ರೆಖ್ಟ್‌ನ ದಾರಿ, ಹಾಡಿನಲ್ಲೇ ಕಥೆ ನಡೆಯಲಿ ಅನ್ನುವುದು 1943ರ ಅಮೆರಿಕದ ಸಂಗೀತ ನಾಟಕ ‘ಒಕ್ಲಹೋಮಾ!’ದ ದಾರಿ.

ಸರಿ, ಕಂಬದ ಹಾಡುಗಳೇ ಜಾಸ್ತಿ ಸಿಕ್ಕವಾ? ಹಾಗಾದರೆ ಆ ಪಾತ್ರಗಳಿಗೆ ಮೊದಲು ಹಾಡುವವರನ್ನು ಹುಡುಕಿ, ನಟನೆಯನ್ನು ತಾಲೀಮಿನಲ್ಲಿ ತಿದ್ದಬಹುದು. ಪೆಟ್ಟಿಗೆ ಮಾಸ್ತರರು ಮೊದಲ ದಿನದಿಂದಲೇ ಕೂರಲಿ. ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕುವ ಆಸೆ ಬಿಡಿ. ನಟಿ ಅಳು ನುಂಗಿಕೊಳ್ಳಲು ಒಂದು ಉಸಿರು ಜಾಸ್ತಿ ತೆಗೆದುಕೊಂಡರೆ ಪೆನ್‌ಡ್ರೈವ್ ಕಾಯುವುದಿಲ್ಲ, ಮಾಸ್ತರರಾದರೆ ಅವಳ ಮುಖ ನೋಡಿ ಅದೇ ಸ್ವರ ಹಿಡಿದು ನಿಲ್ಲುತ್ತಾರೆ. ಆಲಾಪ, ತಾನ ಕತ್ತರಿಸಿ (ಹಿಂದೂಸ್ತಾನಿ ಸಂಗೀತದ ಊರಾದ ಧಾರವಾಡದಲ್ಲಿ ಇದನ್ನು ಹೇಳಲು ಧೈರ್ಯ ಬೇಕು, ಆದರೂ ಹೇಳಿ). ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಹಾಡಿನಲ್ಲಿ ಏನು ಕೇಳಿಸಿತು ಅಂತ ಬಾಯಿಬಿಟ್ಟು ಹೇಳಿಸಿ. ಮಾತು ಮುಟ್ಟಿಲ್ಲ ಅಂದರೆ ತಬಲಾ ಇಳಿಸಿ.

ಅಲಂಕಾರದ ಹಾಡೇ ಜಾಸ್ತಿ ಇದ್ದರೆ ತಲೆಬಿಸಿ ಕಡಿಮೆ. ಹಾಡನ್ನು ಬದಿಯಲ್ಲಿ ಕೂತ ಮೇಳಕ್ಕೆ ಬಿಡಿ. ನಾಟಕ ಉದ್ದವಾದರೆ ಮೊದಲ ಕತ್ತರಿಯೂ ಇಲ್ಲೇ. ಎರಡೂ ಬೆರೆತಿದ್ದರೆ, ಬಹಳಷ್ಟು ನಾಟಕ ಹಾಗೇ ಇರುತ್ತವೆ, ಇಡೀ ನಾಟಕಕ್ಕೆ ಒಂದೇ ಹೆಸರು ಹುಡುಕುತ್ತಾ ಕೂರಬೇಡಿ. ಒಂದೊಂದು ಹಾಡಿಗೂ ಬೇರೆ ಬೇರೆ ತೀರ್ಮಾನ ಮಾಡಿ.

ಪೋಸ್ಟರ್ ಮೇಲೆ ‘ಸಂಗೀತ ನಾಟಕ’ ಅಂತ ಹಾಕುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಇಲ್ಲಿ ಅದನ್ನು ನೋಡಿ ಬರುವವರು ರಾಗ ಕೇಳಲಿಕ್ಕೇ ಬರುತ್ತಾರೆ, ಮುಂದಿನ ಸಾಲಿನಲ್ಲೇ ಕೂರುತ್ತಾರೆ, ಶ್ರುತಿ ತಪ್ಪಿದರೆ ಪಕ್ಕದವರ ಕಡೆ ತಿರುಗಿ ಜೋರಾಗಿಯೇ ಹೇಳುತ್ತಾರೆ.