ಮಗುವಿಗೊಂದು ಬರೆಯುವ ಮೂಲೆ: ಮೊದಲು ಮೊಣಕೈ ಅಳೆಯಿರಿ

ನಾನು ಒಂದನೇ ತರಗತಿಯ ಶಿಕ್ಷಕಿ. ಶಿರಸಿ ಸುತ್ತಮುತ್ತ ಯಾರ ಮನೆಗೆ ಹೋದರೂ ಮಗುವಿಗೆಂದು ತಂದ ಹೊಸ ಮೇಜನ್ನು ನನಗೆ ತೋರಿಸುತ್ತಾರೆ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿಟ್ಟ ಮೇಜು, ಅದರ ಮೇಲೆ ಮಡಚದ ಬಟ್ಟೆಯ ರಾಶಿ. ಮಗು ಮಾತ್ರ ಅಡುಗೆಮನೆಯ ನೆಲದಲ್ಲಿ ಬೋರಲು ಬಿದ್ದು, ಹಳೇ ಕ್ಯಾಲೆಂಡರಿನ ಹಿಂಬದಿಗೆ ಗೀಚುತ್ತಿರುತ್ತದೆ. ಮೂರರಿಂದ ಆರು ವರ್ಷದವರಿಗೆ ಬರೆಯುವ ಮೂಲೆ ಮಾಡಿಕೊಡಲು ಅಷ್ಟು ಖರ್ಚು ಬೇಕಿಲ್ಲ. ಬಹಳ ಜನ ಎಡವುವುದು ಎತ್ತರದಲ್ಲಿ.

ಮೊದಲು ಜಾಗ. ಮನೆಯವರು ಓಡಾಡುವ ಕಡೆಯೇ ಇರಲಿ. ಆಯಿ (ಅಮ್ಮ) ದೋಸೆ ಎರೆಯುತ್ತಿರುವಾಗ ಮಗು ‘ಇಲ್ಲಿ ನೋಡು’ ಎಂದರೆ ಅವಳಿಗೆ ಕೇಳಿಸಬೇಕು. ಜಗಲಿಯ ಮೂಲೆ ಒಳ್ಳೆಯದು, ಅಡುಗೆಮನೆಯ ಬಾಗಿಲ ಪಕ್ಕ ಇನ್ನೂ ಒಳ್ಳೆಯದು. ಟಿ.ವಿ. ಇರುವ ಕೋಣೆ ಬೇಡ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬೀಳಲಿ, ಎಡಗೈಯದಾದರೆ ಬಲಗಡೆಯಿಂದ. ಎಡಗೈಯಲ್ಲಿ ಬರೆಯುವ ಮಗುವಿನ ಕೈ ಬದಲಿಸಲು ಹೋಗಬೇಡಿ. ಮಳೆಗಾಲದ ಎರಚಲಿಗೆಂದು ತಟ್ಟಿ ಕಟ್ಟಿದ ಮೇಲೆ ಜಗಲಿ ಕತ್ತಲಾಗುತ್ತದೆ, ಆ ನಾಲ್ಕು ತಿಂಗಳು ಮೂಲೆಯನ್ನು ಕಿಟಕಿಯ ಬುಡಕ್ಕೆ ಸಾಗಿಸಿ.

ಇನ್ನು ಎತ್ತರ. ಊಟದ ಮೇಜು ಸಾಮಾನ್ಯವಾಗಿ 30 ಇಂಚು ಇರುತ್ತದೆ. ಅಲ್ಲಿ ಕೂತ ಐದು ವರ್ಷದ ಮಗುವಿನ ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ, ಕಾಲು ಗಾಳಿಯಲ್ಲಿ ತೂಗಾಡುತ್ತದೆ. ಕಾಲಿಗೆ ಆಧಾರವಿಲ್ಲದಿದ್ದರೆ ಸೊಂಟ ಜಾರುತ್ತದೆ. ಸೊಂಟ ಜಾರಿದರೆ ಮಗು ಎಡಗೈಯನ್ನು ಊರಿಕೊಂಡು ತನ್ನನ್ನು ಹಿಡಿದುಕೊಳ್ಳುತ್ತದೆ, ಹಾಳೆ ಹಿಡಿಯಲು ಕೈಯೇ ಉಳಿಯುವುದಿಲ್ಲ. ಹತ್ತು ನಿಮಿಷಕ್ಕೆ ‘ಕೈ ನೋವು’ ಅನ್ನುತ್ತದೆ. ನಾವು ಅದನ್ನು ಸೋಮಾರಿತನ ಅಂದುಕೊಳ್ಳುತ್ತೇವೆ.

ಅಳೆಯುವುದು ಹೀಗೆ: ಮಗುವನ್ನು ಕೂರಿಸಿ. ಪಾದ ಪೂರ್ತಿ ನೆಲ ಮುಟ್ಟಬೇಕು, ತೋಳು ಸಡಿಲವಾಗಿ ಇಳಿಬಿದ್ದಿರಬೇಕು. ಈಗ ಮೊಣಕೈ ಮಡಚಲು ಹೇಳಿ. ಮೊಣಕೈ ಎಲ್ಲಿದೆಯೋ ಅದೇ ಮೇಜಿನ ಎತ್ತರ, ಬೇಕಾದರೆ ಎರಡು ಬೆರಳು ಮೇಲೆ. ಐದರ ಆಸುಪಾಸಿನ ಮಗುವಿಗೆ ಕುರ್ಚಿ 10ರಿಂದ 12 ಇಂಚು, ಮೇಜು 18ರಿಂದ 21 ಇಂಚು ಬರುತ್ತದೆ. ಕುರ್ಚಿ ಎತ್ತರವಾದರೆ ಕಾಲಡಿಗೆ ಮಣೆ ಕೊಡಿ. ಅಂಗಡಿಯಲ್ಲಿ ಸಿಗುವ, ಅಕ್ಷರಮಾಲೆ ಅಚ್ಚಾದ ಮಡಚುವ ಪ್ಲಾಸ್ಟಿಕ್ ಮೇಜನ್ನು ನಾನೂ ಒಮ್ಮೆ ತಂದಿದ್ದೆ. ಮೊಣಕೈ ಊರಿದರೆ ಅದು ಅಲುಗಾಡುತ್ತದೆ, ಚಿತ್ರಗಳ ಗದ್ದಲದಲ್ಲಿ ಮಗುವಿನ ಅಕ್ಷರವೇ ಕಾಣುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಅದಕ್ಕಿಂತ ಚೆನ್ನಾದದ್ದು ನಮ್ಮ ಹಳೇ ಮನೆಗಳಲ್ಲೇ ಇದೆ: ಅಜ್ಜ ಅಡಿಕೆ ಲೆಕ್ಕ ಬರೆಯುತ್ತಿದ್ದ, ಇಳಿಜಾರು ಮುಚ್ಚಳದ ಡೆಸ್ಕು. ಎಷ್ಟೋ ಮನೆಗಳಲ್ಲಿ ಮೆತ್ತಿನ (ಅಟ್ಟದ) ಮೇಲೆ ಧೂಳು ತಿನ್ನುತ್ತಿದೆ. ಇಳಿಜಾರಿನಿಂದ ಹಾಳೆ ತಾನೇ ಕಣ್ಣಿನ ಕಡೆ ಬರುತ್ತದೆ, ಕುತ್ತಿಗೆ ಬಾಗುವುದಿಲ್ಲ. ಆದರೆ ಅದು ದೊಡ್ಡವರ ಅಳತೆಯದು. ಚಕ್ಕಳಮಕ್ಕಳ ಕೂತ ಐದು ವರ್ಷದ ಮಗುವಿನ ಮೊಣಕೈ ನೆಲದಿಂದ ಆರೇಳು ಇಂಚಷ್ಟೇ. ಮಗುವಿನಡಿಗೆ ಒಂದು ಮಣೆ, ಅದರ ಮೇಲೆ ಮಡಚಿದ ಕಂಬಳಿ ಹಾಕಿ, ಮೊಣಕೈ ಡೆಸ್ಕಿನ ಮುಂದಿನ ಅಂಚಿಗೆ ಬರುವವರೆಗೂ ಏರಿಸಿ. ಮುಚ್ಚಳ ಬಿದ್ದು ಬೆರಳು ಜಜ್ಜದಂತೆ ಮೊಳೆ ಹೊಡೆದು ಭದ್ರ ಮಾಡಿಬಿಡಿ.

ಸಾಮಾನು ಸ್ವಲ್ಪವೇ ಸಾಕು. ಪೆನ್ಸಿಲ್ 2ಬಿ ಇರಲಿ, ಒತ್ತಿ ಬರೆಯಬೇಕಿಲ್ಲ. ಮೂರು ಇಂಚಿನ ತುಂಡು ಮಾಡಿ ಕೊಡಿ. ಗಿಡ್ಡ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಕಷ್ಟ, ಮೂರು ಬೆರಳು ತಾವಾಗಿ ಕೂಡುತ್ತವೆ. ಮೇಣದ ಬಣ್ಣದ ಕಡ್ಡಿಯನ್ನೂ ಹಾಗೇ ಮುರಿದಿಡಿ. ರಬ್ಬರ್ ಬೇಡವೇ ಬೇಡ. ಅದು ಕೈಗೆ ಸಿಕ್ಕರೆ ಮಗು ಬರೆಯುವುದಕ್ಕಿಂತ ಹೆಚ್ಚು ಅಳಿಸುತ್ತದೆ. ನಾಲ್ಕು ಗೆರೆಯ ಪುಸ್ತಕ ಇಂಗ್ಲಿಷಿನದು, ಕನ್ನಡಕ್ಕೆ ಗೆರೆಯಿಲ್ಲದ ಬಿಳಿ ಹಾಳೆಯಿಂದಲೇ ಶುರು ಮಾಡಿ.

ನಮ್ಮ ಕಡೆಯ ಮಳೆಗಾಲದಲ್ಲಿ ಹಾಳೆ ಮೆತ್ತಗಾಗಿ, ಪೆನ್ಸಿಲ್ ತಾಗಿದರೆ ಹರಿಯುತ್ತದೆ, ಬೂಸಲು ವಾಸನೆ ಬೇರೆ. ಹಾಳೆಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಹುರಿದ ಅಕ್ಕಿಯ ಪುಟ್ಟ ಗಂಟಿನ ಜೊತೆ ಇಡಿ. ಬೆಳಿಗ್ಗೆ ಹತ್ತೇ ಹಾಳೆ ಹೊರಗೆ ತೆಗೆದು, ಮಗು ಯಾರನ್ನೂ ಕೇಳದೆ ತೆಗೆದುಕೊಳ್ಳುವಷ್ಟು ಕೆಳಗಿಡಿ. ಹಾಳೆ ಸೋತ ದಿನ ಸ್ಲೇಟು ಇದೆ, ಕಪ್ಪು ಗಾರೆಯ ನೆಲವಿದ್ದರೆ ಸೀಮೆಸುಣ್ಣ ಕೊಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಗೋಡೆಗೆ ಅ ಆ ಇ ಈ ಪಟ ತೂಗುಹಾಕುವ ಅವಸರ ಬೇಡ. ಸರ್ಕಾರಿ ಶಾಲೆಗಳ ಚಟುವಟಿಕೆ ಪದ್ಧತಿಯಾದ ನಲಿಕಲಿಯಲ್ಲಿ ಅಕ್ಷರ ಕಲಿಕೆ ಶುರುವಾಗುವುದು ರ, ಗ, ಸ, ದ, ಅ ಗಳಿಂದ. ಈ, ಋ ಗಳ ತಿರುವು ಆಮೇಲೆ ಬಂದರೂ ನಷ್ಟವಿಲ್ಲ. ಮಗುವಿನ ಹೆಸರನ್ನು ದೊಡ್ಡದಾಗಿ ಬರೆದು ಅದರ ಕಣ್ಣಿನ ಮಟ್ಟಕ್ಕೆ ಅಂಟಿಸಿ, ಮೊದಲಿಗೆ ಅಷ್ಟು ಸಾಕು.

ಬರೆಯಲು ಕಾರಣವೂ ಬೇಕು. ಸಂತೆ ಚೀಟಿ ಬರೆಯಲು ಹೇಳಿ. ಅಜ್ಜಿಗೆ ಅಂಚೆ ಕಾರ್ಡು ಬರೆಸಿ, ನಿಜಕ್ಕೂ ಡಬ್ಬಿಗೆ ಹಾಕಿಸಿ. ಮಾರಿಕಾಂಬಾ ಜಾತ್ರೆಯಿಂದ ಬಂದ ರಾತ್ರಿ, ಹತ್ತಿದ ತೊಟ್ಟಿಲಿನ ಚಿತ್ರ ಬರೆದು ಕೆಳಗೆ ನಾಲ್ಕು ಗೀಟು ಎಳೆದರೂ ಅದು ಬರಹವೇ. ‘ಇದರಲ್ಲಿ ಏನು ಬರೆದಿದ್ದೀಯ, ಓದು’ ಎನ್ನಿ. ‘ಬದನೆ’ ಎನ್ನುವಲ್ಲಿ ‘ಬದನ’ ಎಂದಿದ್ದರೆ ಕೆಂಪು ಗೆರೆ ಎಳೆಯಬೇಡಿ. ಕೇಳಿದರೆ ಮಾತ್ರ ಪಕ್ಕದ ಚೀಟಿಯಲ್ಲಿ ಸರಿಯಾದದ್ದನ್ನು ಬರೆದುಕೊಡಿ.

ಬರೆದದ್ದನ್ನು ತೋರಿಸಿಡಲು ಜಾಗ ಬೇಕಲ್ಲ, ಮಳೆಗಾಲದ ಗೋಡೆಗೆ ಟೇಪು ಹಿಡಿಯುವುದಿಲ್ಲ. ಎರಡು ಮೊಳೆಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಮಗು ತಾನೇ ತೂಗುಹಾಕುವಷ್ಟು ಕೆಳಗೆ.