ಕೊನೆಯ 6 ವಾರಕ್ಕೆ ನಾನು ಕೈಬಿಟ್ಟದ್ದು

ಪರೀಕ್ಷೆಯ ವೇಳಾಪಟ್ಟಿ ಬಂದ ದಿನ ಅದರ ಹಿಂಬದಿಯಲ್ಲೇ ಒಂದು ಪಟ್ಟಿ ಬರೆದೆ. ಓದಬೇಕಾದ ಪಾಠಗಳ ಪಟ್ಟಿ ಅಲ್ಲ. ಯಾರಿಗೆಲ್ಲ ಏನೇನು "ಮಾಡಿಕೊಡ್ತೀನಿ" ಅಂದಿದ್ದೆ ಅನ್ನುವುದರ ಪಟ್ಟಿ. ಎಂಟೋ ಹತ್ತೋ ಇರಬಹುದು ಅಂದುಕೊಂಡಿದ್ದೆ. 17 ಬಂತು.

ನಾಟಕ ತಂಡದ ಲೆಕ್ಕ ಬರೆಯುವುದು, ವಾರಕ್ಕೆ ಎರಡು ಸಂಜೆ ಪಕ್ಕದ ಮನೆ ಹುಡುಗನಿಗೆ ಗಣಿತ, ಶನಿವಾರ ಲೈಬ್ರರಿಯಲ್ಲಿ ಪಾರ್ಟ್‌ಟೈಮ್ ಕೆಲಸ. ಇವು ದೊಡ್ಡವು, ಕಣ್ಣಿಗೆ ಕಾಣುವಂಥವು. ಉಳಿದವೆಲ್ಲ ಚಿಲ್ಲರೆ. ಗೆಳತಿಯ ರೆಸ್ಯೂಮೆ ತಿದ್ದಿಕೊಡುವುದು, ಜೂನಿಯರ್‌ಗಳಿಗೆ ಹಳೇ ನೋಟ್ಸ್ ಹುಡುಕಿ ಕಳಿಸುವುದು, ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ "ಅದು ಯಾವಾಗ, ಇದು ಎಲ್ಲಿ" ಅಂದವರಿಗೆಲ್ಲ ಉತ್ತರ ಕೊಡುವುದು. ಈ ಕೊನೆಯದನ್ನು ಯಾರೂ ನನಗೆ ವಹಿಸಿರಲಿಲ್ಲ. ಸುಮ್ನೆ ನಾನೇ ಹೊತ್ತುಕೊಂಡದ್ದು.

ಪ್ರತಿಯೊಂದರ ಮುಂದೆ ವಾರಕ್ಕೆ ಎಷ್ಟು ಗಂಟೆ ಅಂತ ಅಂದಾಜು ಬರೆದೆ. ಒಟ್ಟು 14 ಗಂಟೆ. ಪರವಾಗಿಲ್ಲ ಅನ್ನಿಸಿತು. ಆದರೂ ಅನುಮಾನ ಬಂದು ಒಂದು ವಾರ ಪೂರ್ತಿ ಗಡಿಯಾರ ನೋಡಿ ಬರೆದಿಟ್ಟೆ. 23 ಗಂಟೆ ಆಯಿತು. ಹೋಗಿ ಬರುವ ಸಮಯ, ಮುಗಿದ ಮೇಲೆ ನಿಂತು ಮಾತಾಡುವ ಸಮಯ ಇವನ್ನೆಲ್ಲ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇದು ನನ್ನೊಬ್ಬಳ ದಡ್ಡತನ ಅಲ್ಲ ಅಂತ ಆಮೇಲೆ ಓದಿ ಸಮಾಧಾನ ಆಯಿತು. ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ವರ್ಷದ ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತದೆ ಅಂತ ವಿದ್ಯಾರ್ಥಿಗಳನ್ನೇ ಕೇಳಿದ್ದರು. ಅವರ ಅಂದಾಜು ಸರಾಸರಿ 33.9 ದಿನ. ನಿಜವಾಗಿ ಹಿಡಿದದ್ದು 55.5 ದಿನ. "ಎಲ್ಲವೂ ಕೈಕೊಟ್ಟರೆ ಎಷ್ಟು?" ಅಂದಾಗಲೂ ಅವರು ಹೇಳಿದ್ದು 48.6 ದಿನ ಮಾತ್ರ. ಅಂದರೆ ಕೆಟ್ಟದ್ದನ್ನು ಊಹಿಸಿಕೊಂಡು ಹೇಳಿದ ಲೆಕ್ಕಕ್ಕಿಂತಲೂ ನಿಜ ಒಂದು ವಾರ ಆಚೆ ಇತ್ತು. ಅಂದಿನಿಂದ ನನ್ನ ಯಾವ ಅಂದಾಜನ್ನೂ ಒಂದೂವರೆ ಪಟ್ಟು ಮಾಡದೆ ನಾನು ನಂಬುವುದಿಲ್ಲ.

ಸರಿ, ಕಡಿಮೆ ಮಾಡಬೇಕು. ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ನಾಟಕ ತಂಡಕ್ಕೆ "ಸ್ವಲ್ಪ ದಿನ ಬರೋದು ಕಮ್ಮಿ ಆಗ್ಬಹುದು" ಅಂದೆ. ಅವರೂ "ಆಯ್ತು ಆಯ್ತು" ಅಂದರು. ಏನೂ ಬದಲಾಗಲಿಲ್ಲ. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇತ್ತಲ್ಲ! ಬೀರುವಿನ ಕೀಲಿಯೂ ನನ್ನ ಹತ್ತಿರವೇ ಇತ್ತು. ಮಂಗಳವಾರ ರಾತ್ರಿ ಓದಲು ಕೂತು ಇನ್ನೂ ಮೂರು ಪುಟ ಆಗಿಲ್ಲ, ಫೋನ್ ಬಂತು. "ಲೈಟ್‌ನವರಿಗೆ ಮುಂಗಡ ಎಷ್ಟು ಕೊಟ್ಟಿದ್ವಿ?" ಉತ್ತರ ಹೇಳಲು ಎರಡು ನಿಮಿಷ. ಫೋನ್ ಇಟ್ಟ ಮೇಲೆ ಪುಸ್ತಕ ನೋಡುತ್ತಿದ್ದೇನೆ, ತಲೆಯಲ್ಲಿ ಮಾತ್ರ ಲೈಟ್‌ನವರ ರಸೀದಿ ಎಲ್ಲಿಟ್ಟೆ ಅನ್ನುವ ಯೋಚನೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದೆಯೇ ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಬರೆದಿದ್ದಾರೆ. ಅರ್ಧ ಮುಗಿದ ಕೆಲಸ ಬಿಟ್ಟು ಬಂದರೆ ಇನ್ನೂ ಕಷ್ಟವಂತೆ. ನನ್ನದೆಲ್ಲ ಅರ್ಧ ಬಿಟ್ಟ ಕೆಲಸಗಳೇ.

ಎರಡು ವಾರ ಹೀಗೇ ಹೋಯಿತು. ಆಗ ಗೊತ್ತಾಯಿತು, ಅರ್ಧ ಬಿಡುವುದು ಪೂರ್ತಿ ಮಾಡುವುದಕ್ಕಿಂತ ದುಬಾರಿ. ಕೆಲಸವೂ ಆಗುವುದಿಲ್ಲ, ತಲೆಯೂ ಖಾಲಿ ಆಗುವುದಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಎರಡೇ ಉತ್ತರ ಇಟ್ಟುಕೊಂಡೆ. ಮಾಡುತ್ತೇನೆ, ಇಲ್ಲವೇ 20ನೇ ತಾರೀಖಿನವರೆಗೆ ಮಾಡುವುದಿಲ್ಲ. "ನೋಡೋಣ", "ಟ್ರೈ ಮಾಡ್ತೀನಿ" ಇವೆರಡೂ ಬಂದ್.

ನಾಟಕ ತಂಡಕ್ಕೆ ಕಳಿಸುವ ಮೆಸೇಜನ್ನು ಮೊದಲು ಬರೆದಾಗ 18 ಸಾಲು ಇತ್ತು. ಎಷ್ಟು ವಿಷಯ ಬಾಕಿ ಇದೆ, ಪ್ರಾಜೆಕ್ಟ್ ಗೈಡ್ ಏನಂದರು, ನನಗೆಷ್ಟು ಬೇಜಾರಾಗಿದೆ, ಎಲ್ಲ. ಓದಿ ನೋಡಿದರೆ ರಜೆ ಅರ್ಜಿಗಿಂತ ಕಡೆಯಾಗಿತ್ತು. ಕಾರಣ ಜಾಸ್ತಿ ಕೊಟ್ಟಷ್ಟೂ ಎದುರಿನವರಿಗೆ ಅದರಲ್ಲಿ ದಾರಿ ಹುಡುಕುವ ಆಸೆ ಬರುತ್ತದೆ. "ಗುರುವಾರ ಕ್ಲಾಸ್ ಇಲ್ವಲ್ಲ, ಅವತ್ತು ಬಾ" ಅನ್ನುತ್ತಾರೆ. ಕೊನೆಗೆ ಕಳಿಸಿದ್ದು ಇಷ್ಟು:

"ಸರ್, ಪರೀಕ್ಷೆ ಇರುವುದರಿಂದ ನಾಳೆಯಿಂದ 20ನೇ ತಾರೀಖಿನವರೆಗೆ ನಾನು ಲೆಕ್ಕ ನೋಡಿಕೊಳ್ಳುವುದಿಲ್ಲ. ಇವತ್ತಿನವರೆಗಿನದ್ದು ಬರೆದು ಮುಗಿಸಿದ್ದೇನೆ. ಪುಸ್ತಕ, ರಸೀದಿಗಳು, ಬೀರುವಿನ ಕೀಲಿ ಸಂಜೆ ತಂದುಕೊಡುತ್ತೇನೆ. ಯಾರಿಗೆ ಕೊಡಬೇಕು ಹೇಳಿ."

ಕೊನೆಯ ಸಾಲೇ ಮುಖ್ಯ. ಬಿಡಲೇ ಅಂತ ಕೇಳಿದ್ದಲ್ಲ, ಯಾರಿಗೆ ಕೊಡಲಿ ಅಂತ ಕೇಳಿದ್ದು. ಪುಸ್ತಕದ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ನಾವು ಯಾರಿಗೆ ಕೊಡಬೇಕು, ಇನ್ನೊಂದು ಕಡೆ ನಮಗೆ ಯಾರಿಂದ ಬರಬೇಕು ಅಂತ ಬರೆದು, ರಸೀದಿಗಳನ್ನು ಪಿನ್ ಮಾಡಿದ್ದೆ. ಅದಕ್ಕೇ ಒಂದು ಸಂಜೆ ಹಿಡಿಯಿತು. ಆದರೆ ಆಮೇಲೆ ಒಂದು ಫೋನೂ ಬರಲಿಲ್ಲ.

ಸಂಜೆ ಪುಸ್ತಕ ಹಿಡಿದು ಹೋದಾಗ ಎದೆ ಡವಡವ. ಸರ್ ಪುಸ್ತಕ ಇಸಕೊಂಡು, "ಇಷ್ಟೇ ತಾನೆ? ಮೊದ್ಲೇ ಹೇಳೋದಲ್ವೇನಮ್ಮ" ಅಂದರು. ಎರಡು ವಾರದ ನನ್ನ ಸಂಕಟ ಒಂದು ನಿಮಿಷದಲ್ಲಿ ಮುಗಿಯಿತು. ಎಲ್ಲರೂ ಹೀಗೇ ಅಂತ ಹೇಳುವುದಿಲ್ಲ. ರೆಸ್ಯೂಮೆಯ ಗೆಳತಿ ಮುನಿಸಿಕೊಂಡಳು, ಇನ್ನೂ ಪೂರ್ತಿ ಸರಿಹೋಗಿಲ್ಲ.

ಬಿಡದೆ ಉಳಿಸಿಕೊಂಡದ್ದೂ ಇದೆ. ಲೈಬ್ರರಿ ಕೆಲಸ ಬಿಡಲಿಲ್ಲ. ದುಡ್ಡು ಬೇಕಿತ್ತು, ಅಷ್ಟೇ. ಪಕ್ಕದ ಮನೆ ಹುಡುಗನಿಗೂ ಅದೇ ಹೊತ್ತಿಗೆ ಪರೀಕ್ಷೆ. ಈಗ ಕೈಬಿಟ್ಟರೆ ಅವನಿಗೆ ಬೇರೆ ಯಾರು ಸಿಗುತ್ತಾರೆ? ನಾಟಕ ತಂಡದಲ್ಲಿ 20 ಜನ ಇದ್ದಾರೆ, ಅವನಿಗೆ ನಾನೊಬ್ಬಳೇ. ಆ ಎರಡು ಸಂಜೆ ಹಾಗೇ ಇಟ್ಟೆ.

ಓದಿನ ಒಳಗೂ ಕತ್ತರಿ ಹಾಕಬೇಕಾಯಿತು. ಇದನ್ನು ನಾವು ಮರೆತೇಬಿಡುತ್ತೇವೆ. ಅಸೈನ್‌ಮೆಂಟೂ ಒಪ್ಪಿಕೊಂಡ ಕೆಲಸವೇ, ಅಲ್ವಾ? ನನ್ನ ಪ್ರಾಜೆಕ್ಟ್ ವರದಿಗೆ 30 ಅಂಕ, ಒಂದು ಪ್ರೆಸೆಂಟೇಶನ್‌ಗೆ 5 ಅಂಕ. ಬರೆದಿಟ್ಟ ಲೆಕ್ಕ ನೋಡಿದರೆ ಎರಡಕ್ಕೂ ತಲಾ 6 ಗಂಟೆ ಸುರಿದಿದ್ದೆ. ಸ್ಲೈಡಿನ ಬಣ್ಣ ಬದಲಿಸುತ್ತಾ ಕೂರುವುದು ಹಿತವಾಗಿರುತ್ತದೆ, ಕೆಲಸ ಮಾಡಿದ ಹಾಗೆ ಅನ್ನಿಸುತ್ತದೆ. ಸ್ಲೈಡುಗಳನ್ನು ಇದ್ದ ಹಾಗೇ ಒಪ್ಪಿಸಿದೆ, 3 ಅಂಕ ಬಂತು. ಆಸೆಗೆ ತೆಗೆದುಕೊಂಡಿದ್ದ ಹೆಚ್ಚುವರಿ ಕೋರ್ಸ್ ಒಂದಿತ್ತು. ಅದನ್ನೂ ಬಿಡೋಣ ಅಂತ ಕಚೇರಿಗೆ ಹೋದರೆ ಕೋರ್ಸ್ ಕೈಬಿಡುವ ಕೊನೆಯ ದಿನ ಮುಗಿದು ಒಂಬತ್ತು ದಿನ ಆಗಿತ್ತು. ಈಗ ಸೆಮಿಸ್ಟರ್ ಶುರುವಾದ ದಿನವೇ ಆ ತಾರೀಖನ್ನು ಗೋಡೆಗೆ ಅಂಟಿಸುತ್ತೇನೆ.

ಇನ್ನೊಂದು ಎಡವಟ್ಟು ಮಾಡಿಕೊಂಡೆ. ಕತ್ತರಿ ಕೈಗೆ ಬಂದ ಉತ್ಸಾಹದಲ್ಲಿ ಸಂಜೆಯ ನಡಿಗೆ, ಭಾನುವಾರ ಅಕ್ಕನ ಜೊತೆಗಿನ ಫೋನು, ಒಂದೂವರೆ ಗಂಟೆ ನಿದ್ದೆ, ಎಲ್ಲವನ್ನೂ ತೆಗೆದುಹಾಕಿದ್ದೆ. ನಾಲ್ಕನೇ ದಿನಕ್ಕೇ ಒಂದೇ ಪ್ಯಾರಾ ಮೂರು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಅಕ್ಕನೇ ಫೋನ್ ಮಾಡಿ, "ಏನೇ, ಬದುಕಿದ್ದೀಯಾ?" ಅಂದಳು. ಆ ಮೂರನ್ನೂ ವಾಪಸ್ ಸೇರಿಸಿದೆ. ಅವು ಪಟ್ಟಿಯಲ್ಲಿ ಇರಲೇಬಾರದಿತ್ತು, ಯಾರಿಗೂ ಮಾತು ಕೊಟ್ಟು ಮಾಡುತ್ತಿದ್ದವಲ್ಲ ಅವು.

ಕೊನೆಗೆ ಬಿಟ್ಟದ್ದು 11, ಉಳಿದದ್ದು 6. ವಾರಕ್ಕೆ 10 ಗಂಟೆ ಕೈಗೆ ಬಂತು. ಅದರಲ್ಲೂ ಎಲ್ಲವನ್ನೂ ಓದಿಗೇ ಹಾಕಿದೆ ಅಂದರೆ ಸುಳ್ಳಾಗುತ್ತದೆ.

ಪರೀಕ್ಷೆ ಮುಗಿದು 20ನೇ ತಾರೀಖು ಸಂಜೆ, ಹೇಳಿದ ಹಾಗೆ ತಂಡಕ್ಕೆ ಹೋದೆ. ಲೆಕ್ಕದ ಪುಸ್ತಕ ಮೇಜಿನ ಮೇಲಿತ್ತು. ತೆರೆದರೆ ಹಸಿರು ಇಂಕು, ದುಂಡಗಿನ ಅಕ್ಷರ, ಹೊಸದಾಗಿ ಸೇರಿದ ಹುಡುಗನದ್ದು. "ಯಾವಾಗ ಕೊಡಬೇಕು" ಅಂತ ಇನ್ನೊಂದು ಕಾಲಂ ಎಳೆದಿದ್ದ. ಎರಡು ವರ್ಷ ಬರೆದರೂ ನನಗೆ ಅದು ಹೊಳೆದಿರಲಿಲ್ಲ. "ಅಕ್ಕ, ತಗೊಳ್ಳಿ" ಅಂತ ಕೀಲಿ ಚಾಚಿದ. "ನಿನ್ ಹತ್ರಾನೇ ಇರ್ಲಿ ಬಿಡೋ" ಅಂದೆ. ಪರದೆ ಎಳೆಯಲು ಒಬ್ಬರು ಬೇಕಂತೆ. ಅದಕ್ಕೆ ಹೂಂ ಅಂದಿದ್ದೇನೆ.